ತಾಯಿಯ ಹೊತ್ತಿಗೆ ಹೊಂದುವ ಕೂಸಿನ ಮನೆ: ಊರಲ್ಲಿ ಶಿಶುಪಾಲನಾ ಕೇಂದ್ರ ನಡೆಸುವ ಬಗೆ

ಕೂಸಿನ ಮನೆ ತೆರೆದ ಮೇಲೆ ಮೇಲಿನವರು ಬಂದು ಕೇಳುವ ಮೊದಲ ಪ್ರಶ್ನೆ, "ಎಷ್ಟು ಮಕ್ಕಳು ಬರ್ತಾರೆ?" ಹಾಜರಿ ಪುಸ್ತಕ ತೋರಿಸಿದರೆ ಆಯಿತು. ಆದರೆ ಆ ಮಕ್ಕಳ ತಾಯಂದಿರು ಆ ಹೊತ್ತಿನಲ್ಲಿ ಎಲ್ಲಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಕೂಲಿಗೆ ಹೋಗಿದ್ದಾರೋ, ಸ್ವಂತ ಹೊಲದಲ್ಲಿದ್ದಾರೋ, ಅಥವಾ ಮಗುವನ್ನು ಬಿಟ್ಟು ಬಂದು ಬಟ್ಟೆ ಒಗೆದು, ನೀರು ಹೊತ್ತು, ಒಂದು ಗಂಟೆಗೆ ಮತ್ತೆ ಮಗುವನ್ನು ಕರೆತರಲು ಓಡುತ್ತಿದ್ದಾರೋ? ಮಕ್ಕಳ ಸಂಖ್ಯೆ ತುಂಬಿದ್ದರೂ ತಾಯಿಯ ಕೈಗೆ ಒಂದು ದಿನದ ಕೂಲಿಯೂ ಹೆಚ್ಚು ಸೇರದ ಕೇಂದ್ರಗಳಿವೆ. ಹಾಗಾಗದಂತೆ ಕೇಂದ್ರ ಕಟ್ಟುವುದು ಹೇಗೆ ಎಂಬುದನ್ನು ಪಂಚಾಯಿತಿ ಸದಸ್ಯರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಸ್ವಸಹಾಯ ಸಂಘಗಳ ಒಕ್ಕೂಟದ ಹೆಂಗಸರಿಗಾಗಿ ಇಲ್ಲಿ ಬರೆದಿದ್ದೇವೆ.

ಕರ್ನಾಟಕದಲ್ಲಿ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಘೋಷಣೆಯಾಯಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಂಗಸರ ಪುಟ್ಟ ಮಕ್ಕಳೇ ಅದರ ಮೊದಲ ಗುರಿ. ಅಂಗನವಾಡಿ ಇದೆಯಲ್ಲ, ಇದ್ಯಾಕೆ ಎಂದು ಊರಲ್ಲಿ ಕೇಳುತ್ತಾರೆ. ಅಂಗನವಾಡಿ ದಿನವಿಡೀ ಕೂರಿಸಿಕೊಳ್ಳುವುದು ಮುಖ್ಯವಾಗಿ 3 ವರ್ಷ ದಾಟಿದವರನ್ನು. ಅದಕ್ಕಿಂತ ಚಿಕ್ಕ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಕೂಸು ತಾಯಿಯ ಸೊಂಟದಲ್ಲೇ ಉಳಿಯುತ್ತದೆ. ಹೆಂಗಸು ದುಡಿಮೆಯಿಂದ ಹೊರಬೀಳುವುದು ಆ ಮೂರು ವರ್ಷಗಳಲ್ಲೇ.

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುವುದು ಇಷ್ಟು: ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 289 ನಿಮಿಷ ಕೂಲಿಯಿಲ್ಲದೆ ಅದರಲ್ಲಿ ಕಳೆಯುತ್ತಾಳೆ, ಗಂಡಸು 88 ನಿಮಿಷ. ಮನೆಯವರ ಆರೈಕೆಗೆ ಹೆಂಗಸಿನ 137 ನಿಮಿಷ, ಗಂಡಸಿನ 75. ಕೂಸಿನ ಮನೆ ಹಗುರ ಮಾಡಬಲ್ಲದು ಎರಡನೆಯ ಲೆಕ್ಕವನ್ನು ಮಾತ್ರ. ಮೊದಲನೆಯದು ಹಾಗೆಯೇ ಇದ್ದರೆ, ಮಗು ಇಲ್ಲದ ಹೊತ್ತನ್ನೆಲ್ಲ ಅದೇ ನುಂಗುತ್ತದೆ.

ಮೊದಲು ಹುಣಸೆ ಬೀಜದ ಲೆಕ್ಕ

ಕಟ್ಟಡ ಹುಡುಕುವ ಮುಂಚೆ ಈ ಕೆಲಸ ಮಾಡಿ. 3 ವರ್ಷದೊಳಗಿನ ಮಕ್ಕಳಿರುವ 10ರಿಂದ 12 ತಾಯಂದಿರನ್ನು ಒಬ್ಬೊಬ್ಬರಾಗಿ ಕೂರಿಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟು ಮನೆ ಬರೆಯಿರಿ: ಕೂಲಿ ಅಥವಾ ಸ್ವಂತ ಹೊಲ, ಅಡುಗೆ, ನೀರು-ಸೌದೆ, ಬಟ್ಟೆ-ಪಾತ್ರೆ-ಕಸ, ದನಕರು, ಮಗು ಮತ್ತು ಹಿರಿಯರ ಆರೈಕೆ, ನಿದ್ದೆ, ಬಿಡುವು. 48 ಹುಣಸೆ ಬೀಜ ಕೊಡಿ. ಒಂದು ಬೀಜ ಅಂದರೆ ಅರ್ಧ ಗಂಟೆ. ನಿನ್ನೆ ಎದ್ದ ಹೊತ್ತಿನಿಂದ ಮಲಗಿ ಎದ್ದವರೆಗೆ ಎಲ್ಲಿ ಎಷ್ಟು ಹೋಯಿತೋ ಅಲ್ಲಿ ಅಷ್ಟು ಇಡಲಿ.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಹೆಚ್ಚಿನವರು ಮಗುವಿನ ಮನೆಯಲ್ಲಿ ಎರಡೋ ಮೂರೋ ಬೀಜ ಇಡುತ್ತಾರೆ, ಯಾಕೆಂದರೆ ಮಗುವನ್ನು ನೋಡಿಕೊಳ್ಳುವುದು ಅವರ ಕಣ್ಣಿಗೆ ಕೆಲಸವಾಗಿ ಕಾಣುವುದಿಲ್ಲ. ಈಗ ಒಂದು ಹಿಡಿ ತೊಗರಿ ಕಾಳು ಕೊಟ್ಟು ಕೇಳಿ: "ಅಡುಗೆ ಮಾಡುವಾಗ ಮಗು ಎಲ್ಲಿರುತ್ತಮ್ಮ? ನೀರಿಗೆ ಹೋದಾಗ?" ಸೊಂಟದ ಮೇಲೆ, ಬೆನ್ನಿಗೆ, ಸೆರಗು ಹಿಡಿದು ಜೊತೆಗೆ ಎಂದಾಗಲೆಲ್ಲ ಆ ಹುಣಸೆ ಬೀಜದ ಪಕ್ಕ ಒಂದೊಂದು ತೊಗರಿ ಕಾಳು ಇಡಿಸಿ. ಆಗ ನೆಲದ ಮೇಲಿನ ಚಿತ್ರವೇ ಬೇರೆಯಾಗುತ್ತದೆ. ಅಡುಗೆ, ನೀರು, ದನಕರು, ಎಲ್ಲ ಮನೆಗಳಲ್ಲೂ ಕಾಳು ಬಿದ್ದಿರುತ್ತದೆ. ಕೂಲಿಯ ಮನೆಯಲ್ಲೂ ಕಾಳು ಬಿದ್ದಿದ್ದರೆ, ಆಕೆ ಮಗುವನ್ನು ಹೊಲದ ಬದುವಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸಿ ಕಳೆ ತೆಗೆಯುತ್ತಿದ್ದಾಳೆ ಎಂದು ಅರ್ಥ.

ಬೀಜದ ಲೆಕ್ಕ ಮಾಡುವಾಗ ಗಂಡನೋ ಅತ್ತೆಯೋ ಪಕ್ಕದಲ್ಲಿದ್ದರೆ ಉತ್ತರ ಅವರದಾಗುತ್ತದೆ. ಹಬ್ಬದ ಮರುದಿನ ಮಾಡಬೇಡಿ. ಸುಗ್ಗಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡಿ. ಪ್ರತಿಯೊಬ್ಬರ ಲೆಕ್ಕವನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆರು ತಿಂಗಳ ಮೇಲೆ ಬೇಕಾಗುತ್ತದೆ.

ಕೊನೆಯಲ್ಲಿ ಇನ್ನೊಂದು ಪ್ರಶ್ನೆ: "ನೀವು ಕೆಲಸಕ್ಕೆ ಹೋದ ದಿನ ಮಗು ಯಾರ ಹತ್ತಿರ?" ಅತ್ತೆ ಎಂದರೆ ಅತ್ತೆಯ ವಯಸ್ಸು, ಆರೋಗ್ಯ ಕೇಳಿ. ಅಕ್ಕ ಎಂದರೆ ಆ ಹುಡುಗಿಯ ಹೆಸರು, ತರಗತಿ ಬರೆದುಕೊಂಡು ಶಾಲೆಯ ಹಾಜರಿಯ ಜೊತೆ ಹೋಲಿಸಿ. ಕಳೆ ತೆಗೆಯುವ ವಾರಗಳಲ್ಲೇ ಆಕೆ ಗೈರಾಗಿದ್ದರೆ, ನಿಮ್ಮ ಕೇಂದ್ರ ಬಿಡಿಸಬೇಕಾದ ದುಡಿಮೆಯಲ್ಲಿ ಆ ಹುಡುಗಿಯದೂ ಸೇರಿದೆ.

ಬಾಗಿಲು ತೆರೆಯುವ ಹೊತ್ತು

ಕೇಂದ್ರಗಳು ಸೋಲುವುದು ಎಲ್ಲಕ್ಕಿಂತ ಹೆಚ್ಚು ಇಲ್ಲಿ. ಪಂಚಾಯಿತಿ ಕಚೇರಿಯ ಹೊತ್ತಿಗೆ ಹತ್ತು ಗಂಟೆಗೆ ಬಾಗಿಲು ತೆರೆದರೆ, ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಕೆರೆ ಹೂಳೆತ್ತಲು ಹೋಗುವವರಿಗೆ ಅದು ಇಲ್ಲದಂತೆಯೇ. ನಿಯಮ ಸುಲಭ: ಕೆಲಸ ಶುರುವಾಗುವ ಹೊತ್ತು ಬರೆಯಿರಿ, ಅದರಿಂದ ಕೆಲಸದ ಜಾಗಕ್ಕೆ ನಡೆಯುವ ಹೊತ್ತು ಕಳೆಯಿರಿ, ಮತ್ತೆ 20 ನಿಮಿಷ ಕಳೆಯಿರಿ. ಆ 20 ನಿಮಿಷ ಮಗುವಿಗೆ ಹಾಲು ಕುಡಿಸಿ, ಅಳು ನಿಲ್ಲಿಸಿ, ಒಪ್ಪಿಸಿ ಹೊರಡುವುದಕ್ಕೆ. ಎಂಟಕ್ಕೆ ಕೆಲಸ, 25 ನಿಮಿಷದ ದಾರಿ ಎಂದರೆ ಏಳೂಕಾಲಕ್ಕೆ ಬಾಗಿಲು ತೆರೆದಿರಬೇಕು. ಸಂಜೆಯೂ ಹಾಗೆಯೇ ಅರ್ಧ ಗಂಟೆ ಸೇರಿಸಿ. ಬೇಸಿಗೆಗೂ ಮಳೆಗಾಲಕ್ಕೂ ಹೊತ್ತು ಬೇರೆಯಾದರೆ ಎರಡು ವೇಳಾಪಟ್ಟಿ ಇಡಲು ಹಿಂಜರಿಯಬೇಡಿ.

ಮಧ್ಯಾಹ್ನಕ್ಕೆ ಮುಚ್ಚುವ ಕೇಂದ್ರದಿಂದ ಕೂಲಿ ಹುಟ್ಟುವುದಿಲ್ಲ. ಅರ್ಧ ದಿನದ ಆಳನ್ನು ಯಾರೂ ಕರೆಯುವುದಿಲ್ಲ. ಕೇಂದ್ರ ಸರ್ಕಾರದ ಪಾಲನಾ ಯೋಜನೆಯ ಅಳತೆ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ದಾರಿಯ ಹೊತ್ತು ಸೇರಿಸಿದರೆ ಕೂಲಿಯವರಿಗೆ ಅದೂ ಸಾಲದು. ಎಂಟೂವರೆಯಿಂದ ಒಂಬತ್ತು ಗಂಟೆ ಇಟ್ಟುಕೊಳ್ಳಿ.

ಜಾಗದ ಬಗ್ಗೆ ಎರಡು ಮಾತು. ಶಿಶುಗೃಹಗಳಿಗೆಂದು ಬಂದ 2018ರ ರಾಷ್ಟ್ರೀಯ ಮಾರ್ಗಸೂಚಿ, ಕೇಂದ್ರ ಕೆಲಸದ ಜಾಗದಿಂದಲೋ ಮನೆಯಿಂದಲೋ 500 ಮೀಟರ್ ಒಳಗಿರಲಿ ಎನ್ನುತ್ತದೆ. ಆದರೆ ಕೇಂದ್ರ ಊರಿನ ಈ ತುದಿಗೆ, ಕೆಲಸ ಆ ತುದಿಗೆ ಇದ್ದರೆ ಆ ಅರ್ಧ ಕಿಲೋಮೀಟರನ್ನು ತಾಯಿ ದಿನಕ್ಕೆ ನಾಲ್ಕು ಸಲ ನಡೆಯುತ್ತಾಳೆ. ದಾರಿಯಲ್ಲೇ ಸಿಗುವ ಜಾಗ ನೋಡಿ. ಯಾವ ಬೀದಿಯಲ್ಲಿ ಎಂಬುದೂ ಮುಖ್ಯ. ದಲಿತ ಕೇರಿಯ ತಾಯಿ ಸಂಕೋಚವಿಲ್ಲದೆ ಬರಲಾಗದ ಬೀದಿಯಲ್ಲಿ, ದೇವಸ್ಥಾನದ ಆವರಣದಲ್ಲಿ ಕೇಂದ್ರ ಇಟ್ಟರೆ ಹೆಚ್ಚು ಕೂಲಿ ಮಾಡುವವರೇ ಹೊರಗುಳಿಯುತ್ತಾರೆ. ನೋಡಿಕೊಳ್ಳುವವರಲ್ಲಿ ಒಬ್ಬರಾದರೂ ಕೇರಿಯವರಿರಲಿ, ಎಲ್ಲ ಮಕ್ಕಳಿಗೂ ಒಂದೇ ಪಾತ್ರೆಯ ಊಟ, ಒಂದೇ ಚಾಪೆ. ಇದನ್ನು ಮೊದಲ ದಿನವೇ ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ಆಮೇಲೆ ಹೇಳಲು ಹೋದರೆ ಜಗಳವಾಗುತ್ತದೆ.

ಕೋಣೆಗೆ ಮಗುವೊಂದಕ್ಕೆ 10ರಿಂದ 12 ಚದರ ಅಡಿ. 15 ಮಕ್ಕಳಿಗೆ 12 ಅಡಿ ಅಗಲ, 15 ಅಡಿ ಉದ್ದ. ಅಡುಗೆ ಬೇರೆ ಕಡೆ, ಬಾಗಿಲಿಗೆ ಎರಡಡಿ ಎತ್ತರದ ಅಡ್ಡಹಲಗೆ. ನೀರು ತುಂಬಿದ ಬಕೆಟ್ಟು ಕೋಣೆಯಲ್ಲಿ ಎಂದೂ ಬೇಡ. ತೆವಳುವ ಮಗು ಅದರಲ್ಲಿ ತಲೆ ಕೆಳಗಾಗಿ ಬಿದ್ದರೆ ಮೇಲೇಳಲಾರದು. ಸೀರೆಯ ಜೋಲಿಯಲ್ಲಿ ಮಗು ಬೇಗ ಮಲಗುತ್ತದೆ ನಿಜ, ಆದರೆ ಬಟ್ಟೆ ಕತ್ತಿಗೆ ಸುತ್ತುವ ಭಯವಿದೆ. ಕಣ್ಣೆದುರಿಗಿದ್ದಾಗ ಮಾತ್ರ ತೂಗಿ. ನಿದ್ದೆ ಬಂದ ಮೇಲೆ ಗಟ್ಟಿ ಚಾಪೆಯ ಮೇಲೆ ದುಪ್ಪಟಿ ಹಾಸಿ ಅಂಗಾತ ಮಲಗಿಸಿ.

ನೋಡಿಕೊಳ್ಳುವವಳ ಕೂಲಿ

ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ಎಂಬುದು ಮಾರ್ಗಸೂಚಿಯ ಲೆಕ್ಕ. ಆದರೆ ಆರೇ ಮಕ್ಕಳಿದ್ದರೂ ಒಳಗೆ ಇಬ್ಬರಿರಬೇಕು. ಒಬ್ಬಳು ಭೇದಿಯಾದ ಮಗುವನ್ನು ತೊಳೆಯಲು ಹೊರಗೆ ಹೋದರೆ ಉಳಿದ ಐವರು ಯಾರ ಕಣ್ಣಿನಲ್ಲಿರಬೇಕು?

ಉದ್ಯೋಗ ಖಾತ್ರಿಯ ಲೆಕ್ಕದಲ್ಲಿ ಒಂದು ಮನೆಗೆ ವರ್ಷಕ್ಕೆ ಇಂತಿಷ್ಟೇ ದಿನ ಎಂಬ ಮಿತಿ ಇರುವುದರಿಂದ ಕೇರ್‌ಟೇಕರ್‌ಗಳನ್ನು ಸರದಿಯ ಮೇಲೆ ಬದಲಿಸಬೇಕಾಗುತ್ತದೆ. ಕೆಲಸ ಹಂಚಿಕೊಳ್ಳುವುದಕ್ಕೆ ಅದು ನ್ಯಾಯ. ಒಂದು ವರ್ಷದ ಕೂಸಿಗೆ ಮಾತ್ರ ಹೊಸ ಮುಖ ಕಂಡರೆ ಜಗತ್ತೇ ಹೊಸದು. ಅದು ಅಳುತ್ತದೆ, ಊಟ ಬಿಡುತ್ತದೆ, ತಾಯಿ ಮೂರು ದಿನ ನೋಡಿ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಅದಕ್ಕೆ ಇಬ್ಬರನ್ನೂ ಒಟ್ಟಿಗೆ ಬದಲಿಸಬೇಡಿ. ಒಬ್ಬಳು ಹೊರಡುವ ಎರಡು ವಾರ ಮೊದಲೇ ಹೊಸಬಳು ಬಂದು ಜೊತೆಗಿರಲಿ. ಆ ಎರಡು ವಾರದ ಕೂಲಿಗೆ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಹಣ ಕಾಯ್ದಿರಿಸಲು ಮೊದಲೇ ಠರಾವು ಮಾಡಿಸಿ.

ಕೂಲಿ ತಡವಾಗುವುದು ಎರಡನೆಯ ತೊಂದರೆ. ಎರಡು ತಿಂಗಳು ದುಡ್ಡು ಬರದಿದ್ದರೆ ಆಕೆ ಕಳೆ ತೆಗೆಯಲು ಹೋಗುತ್ತಾಳೆ, ಹೋಗಲೇಬೇಕು. ಅವಳ ಮನೆಯ ಒಲೆಯೂ ಉರಿಯಬೇಕಲ್ಲ. "ಮಕ್ಕಳನ್ನು ಆಡಿಸುವುದು ತಾನೇ, ಸೇವೆ ಅಂದುಕೊಳ್ಳಮ್ಮ" ಎಂದು ಅವಳಿಗೆ ಹೇಳುವ ಪಂಚಾಯಿತಿ, ಒಬ್ಬ ಹೆಂಗಸಿನ ಬಿಟ್ಟಿ ದುಡಿಮೆಯನ್ನು ಇಳಿಸಿ ಇನ್ನೊಬ್ಬಳ ತಲೆಗೆ ಏರಿಸುತ್ತಿದೆ. ಹಾಜರಿ ಪಟ್ಟಿ ವಾರಕ್ಕೊಮ್ಮೆ ಮೇಲೆ ಹೋಗಿದೆಯೇ ಎಂದು ನೋಡುವ ಹೊಣೆ ಒಬ್ಬ ಸದಸ್ಯೆಯ ಹೆಸರಿಗೆ ಬರೆಯಿರಿ.

ಮೊದಲ ಎರಡು ವಾರ

ಎಂಟರಿಂದ 18 ತಿಂಗಳ ಮಗು ತಾಯಿ ಮರೆಯಾದರೆ ಹೆಚ್ಚು ಅಳುವ ವಯಸ್ಸಿನದು. ಮೊದಲ ಎರಡು ದಿನ ತಾಯಿ ಮಗುವಿನ ಜೊತೆ ಒಂದು ಗಂಟೆ ಕೂತು ಹೋಗಲಿ. ಮೂರನೆಯ ದಿನ ಅರ್ಧ ಗಂಟೆ ಹೊರಗಿದ್ದು ಬರಲಿ, ಆಮೇಲೆ ಎರಡು ಗಂಟೆ, ಊಟದವರೆಗೆ, ನಿದ್ದೆಯವರೆಗೆ. ಕಣ್ತಪ್ಪಿಸಿ ಹೋಗುವುದು ಬೇಡ, "ಹೋಗಿ ಬರ್ತೀನಿ ಕಂದ" ಎಂದು ಹೇಳಿಯೇ ಹೋಗಲಿ. ಕದ್ದು ಹೋದರೆ ಮಗು ಮರುದಿನ ಬಾಗಿಲಲ್ಲೇ ಸೆರಗು ಬಿಡುವುದಿಲ್ಲ. ತಾಯಿಯ ಹಳೆಯ ಸೀರೆಯ ತುಂಡೊಂದು ಮಗುವಿನ ಹತ್ತಿರ ಇರಲಿ.

ಈ ಎರಡು ವಾರ ಸುಗ್ಗಿಯಲ್ಲಿ ಬರದಂತೆ ನೋಡಿಕೊಳ್ಳಿ. ಕೂಲಿ ಕಳೆದುಕೊಂಡು ಕೂರಲು ಯಾವ ತಾಯಿಗೂ ಆಗುವುದಿಲ್ಲ.

ಹಾಜರಿ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಗೆ ಹಾಕಿ: ಬಿಟ್ಟವರು ಯಾರು, ಕರೆದುಕೊಂಡು ಹೋದವರು ಯಾರು. ಹೆಸರು ಕೊಟ್ಟವರ ಕೈಗೆ ಮಾತ್ರ ಮಗುವನ್ನು ಕೊಡಬೇಕು ಎಂಬುದು ಸುರಕ್ಷತೆಯ ಮಾತು. ತಿಂಗಳ ಕೊನೆಗೆ ಅದೇ ಅಂಕಣದಲ್ಲಿ ಅಪ್ಪಂದಿರ ಹೆಸರು ಎಷ್ಟು ಸಲ ಇದೆ ಎಂದು ಎಣಿಸಿದರೆ ಮನೆಯೊಳಗಿನ ಹಂಚಿಕೆ ಬದಲಾಗುತ್ತಿದೆಯೇ ಎಂಬುದೂ ತಿಳಿಯುತ್ತದೆ. ನೋಂದಣಿಯ ದಿನ ತಂದೆಯೂ ಬರಬೇಕು ಎಂಬ ನಿಯಮ ಮಾಡಿ. ಬಂದವನಿಗೆ "ಬೆಳಗ್ಗೆ ನೀವು ಬಿಡ್ತೀರೋ, ಸಂಜೆ ಕರ್ಕೊಂಡು ಹೋಗ್ತೀರೋ?" ಎಂದು ಕೇಳಿ. ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳುವವರು ಸಿಗುತ್ತಾರೆ.

ಎದೆಹಾಲು, ರಾಗಿ ಸರಿ, ಊಟ

ಮೊದಲ ಆರು ತಿಂಗಳು ಎದೆಹಾಲೊಂದೇ. ಆಮೇಲೂ ಎರಡು ವರ್ಷದವರೆಗೆ ಅದು ಮುಂದುವರಿಯಬೇಕು. ಹಾಗಾಗಿ ಹತ್ತಿರದಲ್ಲಿ ಕೆಲಸವಿರುವ ತಾಯಿ ನಡುವೆ ಬಂದು ಹಾಲು ಕೊಟ್ಟು ಹೋಗುವಂತಿರಲಿ, ಆ ಹೊತ್ತಿಗೆ ಕೂಲಿ ಕಡಿಯಬಾರದು ಎಂದು ಕೆಲಸದ ಜಾಗದ ಉಸ್ತುವಾರಿ ನೋಡುವ ಕಾಯಕ ಬಂಧುವಿಗೆ ಮೊದಲೇ ಹೇಳಿಡಿ.

ತಿನ್ನಿಸುವ ಅಳತೆಗೆ 250 ಮಿಲಿಲೀಟರಿನ ಒಂದು ಬಟ್ಟಲು ಇಟ್ಟುಕೊಳ್ಳಿ. 6ರಿಂದ 8 ತಿಂಗಳಿಗೆ ದಿನಕ್ಕೆ ಎರಡು-ಮೂರು ಸಲ. ಎರಡು-ಮೂರು ಚಮಚದಿಂದ ಶುರುಮಾಡಿ ಅರ್ಧ ಬಟ್ಟಲಿಗೆ ಏರಿಸಿ. 9ರಿಂದ 11 ತಿಂಗಳಿಗೆ ಅರ್ಧ ಬಟ್ಟಲು, ಮೂರು-ನಾಲ್ಕು ಸಲ. ವರ್ಷ ದಾಟಿದವರಿಗೆ ಮುಕ್ಕಾಲರಿಂದ ಪೂರ್ತಿ ಬಟ್ಟಲು, ಮೂರು-ನಾಲ್ಕು ಸಲ, ಜೊತೆಗೆ ಬಾಳೆಹಣ್ಣೋ ಕಿವುಚಿದ ಮೊಟ್ಟೆಯೋ.

ರಾಗಿ ಸರಿ ಹಿಟ್ಟು ಹೀಗೆ: ಒಂದು ಕೆಜಿ ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಗರಿಗರಿ ಒಣಗಿಸಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಕಾಲು ಕೆಜಿ ಹುರಿದ ಹೆಸರುಬೇಳೆ, ಕಾಲು ಕೆಜಿ ಹುರಿಗಡಲೆ ಸೇರಿಸಿ ಬೀಸಿ, ಜರಡಿ ಹಿಡಿಯಿರಿ. ಒಂದು ಮಗುವಿಗೆ ಒಂದು ಹೊತ್ತಿಗೆ 25ರಿಂದ 30 ಗ್ರಾಂ ಹಿಟ್ಟು, 15 ಮಕ್ಕಳಿಗೆ ಸುಮಾರು 400 ಗ್ರಾಂ. ತಣ್ಣೀರಲ್ಲಿ ಕಲಸಿ ಆಮೇಲೆ ಒಲೆಗಿಟ್ಟರೆ ಗಂಟಾಗುವುದಿಲ್ಲ. ಮಗುವೊಂದಕ್ಕೆ ಒಂದು ಟೀ ಚಮಚ ಎಣ್ಣೆಯೋ ತುಪ್ಪವೋ. ನೀರಾಗಿ ಮಾಡುವ ತಪ್ಪು ಹಲವು ಕೇಂದ್ರಗಳಲ್ಲಿ ಕಾಣುತ್ತದೆ: ಮಗುವಿನ ಹೊಟ್ಟೆ ನೀರಿನಿಂದ ತುಂಬಿ, ತೂಕ ಏರುವುದಿಲ್ಲ. ಚಮಚ ಓರೆ ಮಾಡಿದರೆ ಸರಿ ಹರಿಯಬಾರದು, ನಿಧಾನ ಜಾರಿ ಬೀಳಬೇಕು. ಮೊಳಕೆಯ ಹಿಟ್ಟು ಬೇಗ ತೆಳುವಾಗುತ್ತದೆ, ಅದಕ್ಕೆ ಹಿಟ್ಟನ್ನೇ ಹೆಚ್ಚಿಸಿ.

ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ವರ್ಷದೊಳಗಿನವರಿಗೆ ಜೇನುತುಪ್ಪ ಬೇಡ.

ತಾಯಿಯ ಹೊತ್ತಿನ ಲೆಕ್ಕಕ್ಕೂ ಈ ಊಟಕ್ಕೂ ನಂಟಿದೆ. ಬುತ್ತಿ ಮನೆಯಿಂದಲೇ ಬರಲಿ ಎಂದರೆ ಆಕೆ ನಸುಕಿನಲ್ಲಿ ಇನ್ನೂ ಮುಕ್ಕಾಲು ಗಂಟೆ ಮೊದಲು ಏಳಬೇಕು. ಊಟ ಕೇಂದ್ರದ್ದಾಗಿರಲಿ, ಕೊಳೆಯಾದ ಬಟ್ಟೆ ಒಗೆದೇ ಮನೆಗೆ ಹೋಗಲಿ. ಅದಕ್ಕೆ ಮಗುವೊಂದಕ್ಕೆ ದಿನಕ್ಕೆ ಹತ್ತು ಲೀಟರ್ ಎಂದು ಹಿಡಿದು, 15 ಮಕ್ಕಳಿಗೆ 150 ಲೀಟರ್ ನೀರು ನಲ್ಲಿಯಿಂದಲೋ ಟ್ಯಾಂಕಿನಿಂದಲೋ ಬರುವಂತಿರಬೇಕು. ಕೊಡದಲ್ಲಿ ಹೊರುವುದಾದರೆ ಹೊರುವವಳು ಕೇರ್‌ಟೇಕರೇ, ಅಷ್ಟು ಹೊತ್ತು ಮಕ್ಕಳ ಹತ್ತಿರ ಒಬ್ಬಳೇ.

ಜ್ವರ ಬಂದ ದಿನ

ಮಗುವಿಗೆ ಹುಷಾರಿಲ್ಲದ ದಿನ ತಾಯಿಯ ಕೂಲಿಯೂ ಹೋಗುತ್ತದೆ. ಸಾಮಾನ್ಯ ನೆಗಡಿಗೆ ಮಗುವನ್ನು ವಾಪಸ್ ಕಳಿಸಬೇಡಿ. ಜೋರು ಜ್ವರ, ಮೈಮೇಲೆ ದದ್ದು, ನಿಲ್ಲದ ಭೇದಿ ಇದ್ದರೆ ಕಳಿಸಲೇಬೇಕು. ಭೇದಿಗೆ ಕೊಡುವ ಓಆರ್‌ಎಸ್ ಪೊಟ್ಟಣ ಐದಾದರೂ ಇರಲಿ. ಒಂದು ಪೊಟ್ಟಣ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ. ಅರ್ಧ ಪೊಟ್ಟಣ ಲೋಟದ ನೀರಿಗೆ ಹಾಕುವ ರೂಢಿ ತಪ್ಪು, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಳಿದದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಸತುವಿನ (ಜಿಂಕ್) ಮಾತ್ರೆಗೆ ಆಶಾ ಕಾರ್ಯಕರ್ತೆಯನ್ನು ಕರೆಸಿ. ಕಣ್ಣು ಗುಳಿಬಿದ್ದರೆ, ಕುಡಿಯಲು ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ.

ಖರ್ಚು ಮತ್ತು ಗಳಿಕೆ

ಸಭೆಯಲ್ಲಿ "ಇದಕ್ಕೆಲ್ಲ ದುಡ್ಡೆಲ್ಲಿ?" ಎಂಬ ಮಾತು ಬಂದೇ ಬರುತ್ತದೆ. ಲೆಕ್ಕ ಬರೆದುಕೊಂಡು ಹೋಗಿ. 2025-26ರ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370. ಇಬ್ಬರು ಕೇರ್‌ಟೇಕರ್, 26 ದಿನ: ₹19,240. ಊಟಕ್ಕೆ ಮಗುವೊಂದಕ್ಕೆ ದಿನಕ್ಕೆ ₹20 ಎಂದು ಹಿಡಿದರೆ 15 ಮಕ್ಕಳಿಗೆ ₹7,800. ಸೋಪು, ಗ್ಯಾಸು, ಸಣ್ಣಪುಟ್ಟದಕ್ಕೆ ₹2,000. ಒಟ್ಟು ₹29,040. ಈಗ ಇನ್ನೊಂದು ಬದಿ. ಮಕ್ಕಳನ್ನಲ್ಲ, ತಾಯಂದಿರನ್ನು ಎಣಿಸಿ, ಒಬ್ಬಳಿಗೇ ಇಬ್ಬರು ಮಕ್ಕಳಿರಬಹುದು. 13 ತಾಯಂದಿರು ತಿಂಗಳಿಗೆ ತಲಾ ಹತ್ತು ದಿನ ಹೆಚ್ಚು ಕೂಲಿ ಮಾಡಿದರೂ ₹48,100. ಐದೇ ದಿನವಾದರೆ ₹24,050, ಖರ್ಚಿಗಿಂತ ಕಡಿಮೆ. ಹಾಗಾಗಿ ಹೆಚ್ಚುವರಿ ಕೆಲಸದ ದಿನ ಎಷ್ಟು ಎಂಬುದೇ ಇಡೀ ಲೆಕ್ಕದ ತಿರುಳು, ಅದನ್ನು ನಿಮ್ಮ ಊರಿನ ನಿಜವಾದ ಅಂಕಿಯಿಂದ ತುಂಬಿ. ಕೂಲಿ ಇಲ್ಲದ ತಿಂಗಳುಗಳಲ್ಲಿ ಕೇಂದ್ರ ಇದ್ದರೂ ದುಡಿಮೆ ಹುಟ್ಟುವುದಿಲ್ಲ. ಬದು ನಿರ್ಮಾಣ, ಕೆರೆ, ನರ್ಸರಿ ಕೆಲಸಗಳ ಬೇಡಿಕೆ ಅರ್ಜಿಯನ್ನು (ಹಳಬರು ಹೇಳುವ ನಮೂನೆ 6) ತಾಯಂದಿರಿಂದ ಒಟ್ಟಿಗೆ ಹಾಕಿಸಿ, ಸ್ವೀಕೃತಿ ರಸೀದಿ ತೆಗೆದುಕೊಳ್ಳಿ.

ಕೂಲಿ ಯಾರ ಖಾತೆಗೆ ಬೀಳುತ್ತದೆ ಎಂದೂ ಪಾಸ್‌ಬುಕ್ ತೆರೆದು ನೋಡಿ. ಜಾಬ್ ಕಾರ್ಡಿನಲ್ಲಿ ಹೆಸರು ಅವಳದು, ಖಾತೆ ಗಂಡನದು ಎಂಬುದು ಇಂದಿಗೂ ಸಿಗುತ್ತದೆ. ಅವಳ ಹೆಸರಲ್ಲೇ ಖಾತೆ ಮಾಡಿಸಿ, ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ ಎಂದೂ ವಿಚಾರಿಸಿ.

ಪಟ್ಟಣದ ಕಾರ್ಖಾನೆಗಳದ್ದು ಬೇರೆ ಕಥೆ. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುಗೃಹ ಕೇಳಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ನೌಕರರಿದ್ದರೆ ಸಾಕು ಎಂದು, ಗಂಡಸರನ್ನೂ ಎಣಿಕೆಗೆ ಸೇರಿಸಿ, ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರುವ ಹಕ್ಕು ಕೊಟ್ಟಿತು. ಎರಡನೆಯದೇ ಮೇಲು. ಹೆಂಗಸರನ್ನಷ್ಟೇ ಎಣಿಸಿದರೆ ಹೆಂಗಸರನ್ನು ಕಡಿಮೆ ತೆಗೆದುಕೊಳ್ಳುವ ನೆಪ ಮಾಲೀಕನಿಗೆ ಸಿಗುತ್ತದೆ. ಆದರೂ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ದೂರದಿಂದ ಬರುವವಳು ತುಂಬಿದ ಬಸ್ಸಿನಲ್ಲಿ ಕೂಸನ್ನು ಹೊತ್ತು ತರುವುದು ಕಷ್ಟ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಾದರೂ ಆ ನೂಕುನುಗ್ಗಲು ಹೋಗಿಲ್ಲ. ಅಂಥವರಿಗೆ ಮನೆಯ ಬೀದಿಯ ಕೇಂದ್ರವೇ ಬೇಕು, ಕಾರ್ಖಾನೆ ಅದರ ಖರ್ಚು ಕೊಡಬೇಕು.

ಆರು ತಿಂಗಳ ಮೇಲೆ

ಅದೇ ತಾಯಂದಿರನ್ನು ಮತ್ತೆ ಕರೆದು, ಅದೇ ಎಂಟು ಮನೆ ಬರೆದು, 48 ಬೀಜ ಕೊಡಿ. ಹಳೆಯ ಕಾಗದ ಪಕ್ಕದಲ್ಲಿರಲಿ. ತೊಗರಿ ಕಾಳು ಕಡಿಮೆಯಾಗಿ ಕೂಲಿಯ ಮನೆಯಲ್ಲಿ ಬೀಜ ಹೆಚ್ಚಿದ್ದರೆ ಕೇಂದ್ರ ಕೆಲಸ ಮಾಡುತ್ತಿದೆ. ಕಾಳು ಕಡಿಮೆಯಾಗಿ ನೀರು-ಸೌದೆಯ ಮನೆ ಉಬ್ಬಿದ್ದರೆ ಅಲ್ಲಿ ಬೇಕಿರುವುದು ನಲ್ಲಿ. ನಿದ್ದೆಯ ಮನೆ ಬರಿದಾಗಿದ್ದರೆ, ಆಕೆ ಹಗಲು ಕೂಲಿ ಮಾಡಿ ಮನೆಗೆಲಸವನ್ನು ರಾತ್ರಿಗೆ ತಳ್ಳಿದ್ದಾಳೆ. ಅವಳ ಗಂಡನ ಜೊತೆ ಮಾತಾಡಬೇಕು. ಬಿಡುವಿನ ಮನೆಗೆ ಎರಡು ಬೀಜ ಹೆಚ್ಚು ಬಿದ್ದಿದ್ದರೆ ಅದನ್ನು ನಷ್ಟ ಎಂದು ಬರೆಯಬೇಡಿ. ಕೂಸು ಹೆತ್ತ ಮೈಗೆ ಒಂದು ಗಂಟೆ ಕಾಲುಚಾಚುವ ಹಕ್ಕಿದೆ.

ಎಲ್ಲರ ಕಾಗದಗಳನ್ನೂ ಹೆಸರು ತೆಗೆದು ಒಟ್ಟುಗೂಡಿಸಿ ಮಹಿಳಾ ಗ್ರಾಮಸಭೆಯಲ್ಲಿ ಓದಿ. ಬಾಗಿಲು ತೆರೆಯುವ ಹೊತ್ತು, ನಲ್ಲಿ, ಕೇರ್‌ಟೇಕರ್ ಕೂಲಿಯ ಬಾಕಿ, ಬೇಸಿಗೆಯ ಕೆಲಸದ ಬೇಡಿಕೆ, ಇವನ್ನು ಒಂದೊಂದು ಠರಾವಾಗಿ ಬರೆಸಿ, ನಡಾವಳಿಯ ನಕಲು ಪಡೆದು, ಕೂಸಿನ ಮನೆಯ ಹಾಜರಿ ಪುಸ್ತಕದೊಳಗೆ ಅಂಟಿಸಿಡಿ.